ಪಕ್ಕದ ಮನೆಯವರ ಹೊಣೆ

ಜೈಲುಗಳು ತುಂಬಿ ತುಳುಕುತ್ತಿವೆ ಎಂಬ ಸುದ್ದಿ ಬಂದಾಗಲೆಲ್ಲ ಈಚೆಗೆ ಅದರ ಬೆನ್ನಿಗೇ ಒಂದು ಪರಿಹಾರವೂ ಬರುತ್ತದೆ: ಕಾಲಿಗೆ ಜಿಪಿಎಸ್ ಪಟ್ಟಿ ಕಟ್ಟಿ ಮನೆಗೆ ಕಳಿಸಿ. 2023ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ ಇದನ್ನು ಶಿಫಾರಸು ಮಾಡಿತು. ಅದೇ ವರ್ಷ ಜಮ್ಮು-ಕಾಶ್ಮೀರದ ಪೊಲೀಸರು ಜಾಮೀನಿನ ಮೇಲೆ ಹೊರಬಂದ ಒಬ್ಬನ ಕಾಲಿಗೆ ಕಟ್ಟಿಯೂ ಆಯಿತು. ಆರೋಪಿ ಸದಾ ತಾನಿರುವ ಜಾಗವನ್ನು ಗೂಗಲ್ ನಕ್ಷೆಯಲ್ಲಿ ತನಿಖಾಧಿಕಾರಿಗೆ ತೋರಿಸುತ್ತಿರಬೇಕು ಎಂಬ ಜಾಮೀನು ಷರತ್ತನ್ನು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿದರೂ ಪಟ್ಟಿಯ ಮೋಹ ಇಳಿದಿಲ್ಲ. ಅಗ್ಗ, ನಿದ್ದೆಯಿಲ್ಲ, ಲಂಚ ತಿನ್ನುವುದಿಲ್ಲ ಎಂದು ಅದನ್ನು ಹೊಗಳುವವರಿದ್ದಾರೆ. ನನ್ನ ತಕರಾರು ಖಾಸಗಿತನದ್ದಷ್ಟೇ ಅಲ್ಲ. ಮನುಷ್ಯ ಎಲ್ಲಿದ್ದಾನೆ ಎಂಬುದನ್ನು ಪಟ್ಟಿ ಹೇಳುತ್ತದೆ. ಅಲ್ಲಿ ಅವನನ್ನು ಯಾರಾದರೂ ಒಳಗೆ ಕರೆದರೇ, ಕೆಲಸ ಕೊಟ್ಟರೇ, ಮತ್ತೆ ಹಳೆಯ ಗೆಳೆಯರ ಕಡೆಗೇ ಹೊರಟಿದ್ದಾನೆಯೇ ಎಂಬುದನ್ನು ಹೇಳಲಾರದು. ಶಿಕ್ಷೆಗೊಳಗಾದವನನ್ನು ಜೈಲಿನ ಹೊರಗಿಟ್ಟೇ ದಾರಿಗೆ ತರಬೇಕು ಎಂದು ನಾವು ನಿಜವಾಗಿಯೂ ಬಯಸುವುದಾದರೆ ಆ ಕೆಲಸಕ್ಕೆ ಊರಿನವರೇ ಬೇಕು. ಅದೂ ಸಂಬಳದ ಆಸೆಯಿಲ್ಲದೆ ಬರುವ ಊರಿನವರು.

ಹೀಗೆ ಹೇಳಿದರೆ ಇದು ಯಾವುದೋ ಪರದೇಶದ ಆದರ್ಶ ಎಂದು ಮೂಗು ಮುರಿಯುವವರು 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ತಪ್ಪು ಸಾಬೀತಾದವನನ್ನೂ ನ್ಯಾಯಾಲಯ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು; ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ ಮೂರು ವರ್ಷ. ಬೇಕೆನಿಸಿದರೆ ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲೂ ಇಡಬಹುದು. ಅಂಥವನಿಗೆ ಅಗತ್ಯವಿದ್ದಲ್ಲಿ ಕೆಲಸ ಹುಡುಕಿಕೊಡಲು ಯತ್ನಿಸುವುದೂ ಆ ಅಧಿಕಾರಿಯ ಕರ್ತವ್ಯ ಎಂದು 14ನೇ ಕಲಮು ಹೇಳುತ್ತದೆ. ಜಿಲ್ಲಾ ಕೇಂದ್ರದಲ್ಲಿ ಫೈಲುಗಳ ನಡುವೆ ಕೂತ ಒಬ್ಬ ಅಧಿಕಾರಿ ತಾಲ್ಲೂಕಿನ ಕೊನೆಯ ಹಳ್ಳಿಯ ಹುಡುಗನಿಗೆ ಗ್ಯಾರೇಜಿನಲ್ಲಿ ಕೆಲಸ ಹುಡುಕುವುದು ಹೇಗೆ? ಕಾಯ್ದೆ ಬರೆದವರಿಗೆ ಈ ಪ್ರಶ್ನೆ ಹೊಳೆದಿತ್ತೆಂದು ಕಾಣುತ್ತದೆ. 13ನೇ ಕಲಮಿನ ಪ್ರಕಾರ ಪ್ರೊಬೇಷನ್ ಅಧಿಕಾರಿ ಸರ್ಕಾರಿ ನೌಕರನೇ ಆಗಿರಬೇಕಿಲ್ಲ. ರಾಜ್ಯ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯೊಂದು ಕಳಿಸಿದ ವ್ಯಕ್ತಿಯಾಗಬಹುದು. ವಿಶೇಷ ಸಂದರ್ಭದಲ್ಲಿ, ನ್ಯಾಯಾಲಯಕ್ಕೆ ಯೋಗ್ಯರೆಂದು ತೋರಿದ ಬೇರೆ ಯಾರೇ ಆಗಬಹುದು. ಬಾಗಿಲು ಆರು ದಶಕಗಳಿಂದ ತೆರೆದೇ ಇದೆ. ಒಳಗೆ ಕಾಲಿಟ್ಟವರು ಕಡಿಮೆ.

ಆ ಬಾಗಿಲನ್ನು ಹೆಬ್ಬಾಗಿಲೇ ಮಾಡಿಕೊಂಡ ದೇಶ ಜಪಾನ್. ಅಲ್ಲಿ ಹೇಳುವ ಮೂಲಕಥೆಯೊಂದಿದೆ. ಶಿಜುವೊಕಾ ಜೈಲಿನಲ್ಲಿ ಮನಸ್ಸು ಬದಲಿಸಿಕೊಂಡ ಕೈದಿಯೊಬ್ಬ ಇನ್ನು ತಪ್ಪು ಮಾಡುವುದಿಲ್ಲ ಎಂದು ಮಾತು ಕೊಟ್ಟು ಬಿಡುಗಡೆಯಾಗುತ್ತಾನೆ. ಊರಿಗೆ ಬಂದರೆ ಹೆಂಡತಿ ಬೇರೊಬ್ಬನ ಮನೆ ಸೇರಿದ್ದಾಳೆ, ನೆಂಟರು ಒಂದು ರಾತ್ರಿಯ ಮಟ್ಟಿಗೂ ಜಾಗ ಕೊಡುವುದಿಲ್ಲ. ಮತ್ತೆ ಕಳ್ಳತನಕ್ಕಿಳಿದರೆ ಕೊಟ್ಟ ಮಾತು ಹೋಗುತ್ತದೆ. ಕೊನೆಗೆ ಜೈಲಿನ ಅಧಿಕಾರಿಗೆ ಪತ್ರ ಬರೆದಿಟ್ಟು ನೀರಿಗೆ ಹಾರುತ್ತಾನೆ. ಜೈಲು ತಿದ್ದಿದ ಮನುಷ್ಯನನ್ನು ಊರು ಕೊಂದಿತು. ಇದನ್ನು ಕೇಳಿ ಕಂಗೆಟ್ಟ ಕಿಂಪಾರಾ ಮೇಜೆನ್ ಎಂಬ ಸಿರಿವಂತರು 1888ರಲ್ಲಿ ಬಿಡುಗಡೆಯಾದವರಿಗೆ ಆಸರೆ ನೀಡುವ ಸಂಸ್ಥೆ ಕಟ್ಟಿದರು. ಕಥೆಗೆ ಕಾಲಾಂತರದಲ್ಲಿ ಒಂದಿಷ್ಟು ಉಪ್ಪುಖಾರ ಸೇರಿರಬಹುದು, ಇರಲಿ. ಅದು ತೋರುವ ಜಾಗ ಸರಿಯಾಗಿದೆ. 1950ರಲ್ಲಿ ಈ ಪರಂಪರೆಗೆ ಕಾನೂನಿನ ರೂಪ ಬಂತು. ಇಂದು 46-47 ಸಾವಿರದಷ್ಟು 'ಹೊಗೊಶಿ'ಗಳು, ಅಂದರೆ ಪ್ರೊಬೇಷನ್ ಸ್ವಯಂಸೇವಕರು, ಇದ್ದಾರೆ. ಸಂಬಳ ಪಡೆಯುವ ಪ್ರೊಬೇಷನ್ ಅಧಿಕಾರಿಗಳು ಸುಮಾರು ಒಂದು ಸಾವಿರ. ಹೊಗೊಶಿಗಳನ್ನು ನೇಮಿಸುವುದು ನ್ಯಾಯಮಂತ್ರಿ. ಕೈಗೆ ಬರುವುದು ಖರ್ಚಿನ ಹಣ ಮಾತ್ರ. ಅಂಗಡಿಯವರು, ರೈತರು, ದೇಗುಲದ ಅರ್ಚಕರು, ನಿವೃತ್ತ ಮೇಷ್ಟ್ರುಗಳು, ಗೃಹಿಣಿಯರು. ತಿಂಗಳಿಗೆ ಎರಡು ಬಾರಿಯಂತೆ, ಹೆಚ್ಚಾಗಿ ತಮ್ಮ ಮನೆಯಲ್ಲೇ, ಚಹಾ ಕೊಟ್ಟು ಮಾತಾಡಿಸುತ್ತಾರೆ. ರಾತ್ರಿಪಾಳಿ ಹೇಗಿದೆ, ಅಮ್ಮನ ಆರೋಗ್ಯ ಹೇಗಿದೆ, ಬಾಡಿಗೆ ಕಟ್ಟಿದೆಯಾ, ಕುಡಿತ ಬಿಟ್ಟಿದ್ದೀಯಾ. ತಿಂಗಳ ಕೊನೆಗೆ ಅಧಿಕಾರಿಗೆ ಒಂದು ವರದಿ.

ಕಳ್ಳನಿಗೆ ಚಹಾ ಕುಡಿಸುವುದೂ ಒಂದು ಶಿಕ್ಷೆಯೇ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ, ಚಹಾ ಬೇಕಿದ್ದರೆ ಕೊಡಬಹುದು. ಕೇಳಬೇಕಾದ ಪ್ರಶ್ನೆ ಬೇರೆ: ಸಂಬಳದ ಅಧಿಕಾರಿ ಮಾಡಲಾಗದ ಏನನ್ನು ಈ ಮೇಷ್ಟ್ರು ಮಾಡುತ್ತಾರೆ? ಅಧಿಕಾರಿಯ ಎದುರು ಕೂತವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು, ಇವರ ಒಂದು ಸಹಿ ನನ್ನನ್ನು ಮತ್ತೆ ಒಳಗೆ ಹಾಕಬಲ್ಲದು. ಹಾಗಾಗಿ ಅವರಿಗೆ ಬೇಕಾದ್ದನ್ನೇ ಹೇಳುತ್ತಾನೆ. ಹೊಗೊಶಿಯೂ ವರದಿ ಬರೆಯುತ್ತಾರೆ ನಿಜ, ಆದರೆ ಕ್ರಮ ಕೈಗೊಳ್ಳುವ ಅಧಿಕಾರ ಅವರದಲ್ಲ. ತನಗಾಗಿ ಸಂಜೆ ಕೊಡುತ್ತಿರುವ ಇವರಿಗೆ ಅದರಿಂದ ಬಿಡಿಗಾಸೂ ಇಲ್ಲ ಎಂಬುದು ಎದುರಿಗಿರುವವನಿಗೆ ಗೊತ್ತು. ಅದಕ್ಕಿಂತ ದೊಡ್ಡದು, ಊರಿನಲ್ಲಿ ಆ ಮೇಷ್ಟ್ರಿಗಿರುವ ಮಾತಿನ ತೂಕ. ಅವರು ಹೇಳಿದರೆ ಗ್ಯಾರೇಜಿನವನು ಒಂದು ತಿಂಗಳು ನೋಡೋಣ ಎನ್ನುತ್ತಾನೆ, ದಿನಸಿ ಅಂಗಡಿಯವನು ಉದ್ರಿ ಕೊಡುತ್ತಾನೆ. ಯಾವ ಇಲಾಖೆಯ ಪತ್ರಕ್ಕೂ ದಿನಸಿ ಅಂಗಡಿಯಲ್ಲಿ ಉದ್ರಿ ಹುಟ್ಟುವುದಿಲ್ಲ. ಪ್ರೊಬೇಷನ್ ಪಡೆದವನಿಗೆ ಅಪರಾಧ ಸಾಬೀತಾದ ಕಾರಣಕ್ಕೆ ಅನರ್ಹತೆ ಅಂಟಬಾರದು ಎಂದು ನಮ್ಮ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಕಾಗದದ ಮೇಲೆ ಅಳಿಸುವುದಷ್ಟೇ ಕಾನೂನಿನ ಕೈಲಾಗುವುದು. ಬೀದಿಯ ಬಾಯಲ್ಲಿ ಅಳಿಸುವುದಕ್ಕೆ ಅದೇ ಬೀದಿಯವರು ಬೇಕು.

ಇದು ಬರೀ ನಂಬಿಕೆಯೋ, ಸಾಕ್ಷ್ಯವಿದೆಯೋ? ಜಪಾನಿನಲ್ಲಿ ಅಪರಾಧ ಕಡಿಮೆ ಇರುವುದಕ್ಕೆ ಹೊಗೊಶಿಗಳೇ ಕಾರಣ ಎನ್ನುವುದು ಅತಿಯಾಯಿತು. ಅಲ್ಲಿಯೂ ಸಿಕ್ಕಿಬೀಳುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಹಿಂದೆ ಸಿಕ್ಕಿಬಿದ್ದವರೇ. ಹೊಸಬರು ಬೇಗ ಕಡಿಮೆಯಾದದ್ದರಿಂದ ಹಳಬರ ಪಾಲು ದೊಡ್ಡದಾಗಿ ಕಾಣುತ್ತದೆ ಎಂಬುದೂ ಅಷ್ಟೇ ನಿಜ, ಆದ್ದರಿಂದ ಈ ಅಂಕಿಯಿಂದ ಯಾವ ಪಕ್ಷವೂ ಗೆಲ್ಲುವುದಿಲ್ಲ. ಹೆಚ್ಚು ಗಟ್ಟಿಯಾದ ಸಾಕ್ಷ್ಯ ಅನಿರೀಕ್ಷಿತ ಕಡೆಯಿಂದ ಬರುತ್ತದೆ. ಕೆನಡಾದಲ್ಲಿ 1994ರಲ್ಲಿ, ಲೈಂಗಿಕ ಅಪರಾಧ ಎಸಗಿ ಜೈಲಿನಿಂದ ಬಂದ, ಯಾರೂ ಹತ್ತಿರ ಸೇರಿಸದ ವ್ಯಕ್ತಿಯ ಸುತ್ತ ಚರ್ಚಿನ ಕೆಲವರು ಕಾವಲೂ ಬೆಂಬಲವೂ ಆಗಿ ನಿಂತರು. ಆ ಪದ್ಧತಿಯನ್ನು ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಲಾಟರಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಸ್ವಯಂಸೇವಕರ ಜೊತೆ ಸಿಕ್ಕವರು ಮತ್ತೆ ಬಂಧನಕ್ಕೊಳಗಾದದ್ದು ಕಡಿಮೆ. ಪರೀಕ್ಷೆಗೊಳಗಾದವರ ಸಂಖ್ಯೆ ಚಿಕ್ಕದು. ಆದರೆ ಸಮಾಜ ಅತಿ ಹೆಚ್ಚು ಹೆದರುವ ಅಪರಾಧಿಗಳಲ್ಲೇ ಇದು ಫಲ ಕೊಟ್ಟಿತು ಎಂಬುದನ್ನು ತಳ್ಳಿಹಾಕಲಾಗದು.

ಸ್ವಯಂಸೇವಕರ ಜೀವಕ್ಕೆ ಯಾರು ಹೊಣೆ ಎಂಬ ಆಕ್ಷೇಪಕ್ಕೆ ತೂಕವಿದೆ. 2024ರ ಮೇ ತಿಂಗಳಲ್ಲಿ ಶಿಗಾ ಪ್ರಾಂತ್ಯದ ಓತ್ಸು ನಗರದಲ್ಲಿ 60 ವರ್ಷದ ಹೊಗೊಶಿಯೊಬ್ಬರು ತಮ್ಮ ಮನೆಯಲ್ಲೇ ಕೊಲೆಯಾದರು. ಬಂಧಿತನಾದವನು ಅವರ ಮೇಲ್ವಿಚಾರಣೆಯಲ್ಲಿದ್ದವನೇ. ಸರಾಸರಿ ವಯಸ್ಸು 65 ದಾಟಿದ, ಹೊಸಬರು ಬಾರದ ವ್ಯವಸ್ಥೆಗೆ ಇದು ದೊಡ್ಡ ಪೆಟ್ಟು. ಭೇಟಿ ಮನೆಯಲ್ಲೇ ಆಗಬೇಕಿಲ್ಲ, ಸಾರ್ವಜನಿಕ ಕಟ್ಟಡದಲ್ಲಾಗಲಿ, ಒಬ್ಬರ ಬದಲು ಇಬ್ಬರಿರಲಿ ಎಂಬ ಮಾತು ಆಮೇಲೆ ಜೋರಾಯಿತು. ಜೋರಾಗಬೇಕಾದದ್ದೇ. ಮನೆಯ ಚಹಾದಲ್ಲಿರುವ ಸಲುಗೆ ಪಂಚಾಯ್ತಿ ಕಟ್ಟಡದ ಕೋಣೆಯಲ್ಲಿ ಒಂದಿಷ್ಟು ಕಡಿಮೆಯಾದೀತು. ಆ ನಷ್ಟವನ್ನು ಒಪ್ಪಿಕೊಳ್ಳಬೇಕು.

ಇನ್ನೊಂದು ಆಕ್ಷೇಪ ನಮ್ಮ ಅನುಭವದಿಂದಲೇ ಬಂದದ್ದು. 'ಸ್ವಯಂಸೇವೆ' ಎಂದರೆ ನಮ್ಮ ಸರ್ಕಾರಗಳ ಕಿವಿ ನೆಟ್ಟಗಾಗುತ್ತವೆ. ಆಶಾ ಕಾರ್ಯಕರ್ತೆಯರಿಗೆ ಕೊಡುವುದನ್ನು ಸಂಬಳ ಎನ್ನದೆ ಗೌರವಧನ ಎಂದು ಕರೆದು, ಅವರು ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂರುವಂತೆ ಮಾಡಿದ ವ್ಯವಸ್ಥೆ ಇದು. ಪ್ರೊಬೇಷನ್ ಅಧಿಕಾರಿಗಳ ಹುದ್ದೆ ಖಾಲಿ ಬಿಟ್ಟು ಊರಿನವರ ಹೆಗಲಿಗೆ ಹೊರೆ ದಾಟಿಸುವ ಉಪಾಯ ಇದಾಗುವುದಾದರೆ ನಾನೂ ವಿರೋಧಿಯೇ. ದಿನವಿಡೀ ದುಡಿಯುವವರಿಗೆ ಸಂಬಳವೇ ಸಿಗಬೇಕು. ತಿಂಗಳಿಗೆ ಎರಡು ಸಂಜೆ ಕೊಡುವ ನೆರೆಯವರ ಲೆಕ್ಕ ಬೇರೆ, ಮತ್ತು ಅವರು ನಿಲ್ಲುವುದು ಅಧಿಕಾರಿಯ ಜಾಗದಲ್ಲಲ್ಲ, ಪಕ್ಕದಲ್ಲಿ. ಹಣವೇ ಉತ್ತರ ಎಂದು ನಂಬಿದ ಇಂಗ್ಲೆಂಡು 2014ರಲ್ಲಿ ಪ್ರೊಬೇಷನ್ನಿನ ದೊಡ್ಡ ಪಾಲನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟು, ಕೈಸುಟ್ಟುಕೊಂಡು, 2021ರಲ್ಲಿ ಎಲ್ಲವನ್ನೂ ಸರ್ಕಾರದ ಕೈಗೇ ವಾಪಸು ತೆಗೆದುಕೊಂಡಿತು.

ಆದರೆ ನನಗೆ ನಿಜವಾಗಿ ದಿಗಿಲು ಹುಟ್ಟಿಸುವ ಆಕ್ಷೇಪ ಜಾತಿಯದು. ಜಪಾನಿನ ಓಣಿಯ ಹಿರಿಯರ ಜಾಗದಲ್ಲಿ ನಮ್ಮ ಹಳ್ಳಿಯಲ್ಲಿ ಯಾರು ಕೂರುತ್ತಾರೆ? ಜಮೀನಿದ್ದವರು, ಸಾಲ ಕೊಡುವವರು. ದಲಿತ ಕೇರಿಯ ಹುಡುಗನನ್ನು ತಿದ್ದುವ ಅಧಿಕಾರ ಗೌಡರ ಜಗುಲಿಗೆ ಸಿಕ್ಕರೆ ಅದು ಜೀತದ ಇನ್ನೊಂದು ಹೆಸರಾದೀತು. ಇದು ಊಹೆಯ ಭಯವಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಬರೆದಿಟ್ಟು, ಹೊತ್ತುಹೊತ್ತಿಗೆ ಹಾಜರಿ ಹಾಕಿಸಿ, ಚೀಟಿಯಿಲ್ಲದೆ ಊರು ದಾಟದಂತೆ ಮಾಡಿದ ದೇಶ ನಮ್ಮದು. ಆ ಹಾಜರಿಯಲ್ಲಿ ಸರ್ಕಾರದ ಕಣ್ಣಾಗಿ ನಿಂತವರಲ್ಲಿ ಊರಿನ ಪಟೇಲರೂ ಇದ್ದರು. ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ಅಂಥವರಿಗಾಗಿ ತಂತಿಬೇಲಿಯ ವಸಾಹತುಗಳನ್ನೇ ಕಟ್ಟಿದರು; ಹುಬ್ಬಳ್ಳಿಯಲ್ಲಿ ಆ ಭಾಗಕ್ಕೆ ಈಗಲೂ ಜನರ ಬಾಯಲ್ಲಿ 'ಸೆಟ್ಲಮೆಂಟ್' ಎಂದೇ ಹೆಸರು. ಕಾಯ್ದೆ 1952ರಲ್ಲಿ ರದ್ದಾಯಿತು, ಅಭ್ಯಾಸ ರದ್ದಾಗಲಿಲ್ಲ. ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟು ಅಸಾಂವಿಧಾನಿಕ ಎಂದದ್ದು 2024ರ ಅಕ್ಟೋಬರಿನಲ್ಲಿ!

ಹಾಗೆಂದು ಊರನ್ನೇ ದೂರ ಇಟ್ಟರೆ ಏನು ಉಳಿಯುತ್ತದೆ ಎಂಬುದನ್ನೂ ನೋಡಬೇಕು. ಗಣೇಶನ ಹಬ್ಬವೋ ಚುನಾವಣೆಯೋ ಹತ್ತಿರ ಬಂತೆಂದರೆ ಠಾಣೆಯ ಅಂಗಳದಲ್ಲಿ ರೌಡಿಶೀಟರುಗಳ ಪೆರೇಡ್ ನಡೆಯುತ್ತದೆ. ಸಾಲಾಗಿ ನಿಲ್ಲಿಸಿ, ಕೂದಲು ಯಾಕೆ ಬಿಟ್ಟಿದ್ದೀಯ ಎಂದು ಟಿವಿ ಕ್ಯಾಮೆರಾದ ಎದುರು ಗದರಿಸಿ ಕಳಿಸುತ್ತಾರೆ. ಅದರಲ್ಲಿ ಹತ್ತು ವರ್ಷದಿಂದ ತೆಪ್ಪಗೆ ಆಟೋ ಓಡಿಸಿಕೊಂಡಿರುವವನೂ ಇರಬಹುದು. ಮೇಲ್ವಿಚಾರಣೆ ನಮ್ಮಲ್ಲಿ ಇಲ್ಲದಿಲ್ಲ; ಮುಖ ಕೆಡಿಸುವ ಮೇಲ್ವಿಚಾರಣೆ ಧಾರಾಳವಾಗಿದೆ. ಜಾತಿಯ ಭಯ ಸ್ವಯಂಸೇವಕರೇ ಬೇಡ ಎನ್ನುವುದಕ್ಕೆ ಕಾರಣವಾಗುವ ಬದಲು ಅವರನ್ನು ಆರಿಸುವ ನಿಯಮಕ್ಕೆ ಕಾರಣವಾಗಲಿ. ಪ್ರೊಬೇಷನ್ನಿನಲ್ಲಿರುವವನಿಗೆ ಅಥವಾ ಅವನ ಮನೆಯವರಿಗೆ ಕೂಲಿ ಕೊಡುವವರು, ಸಾಲ ಕೊಟ್ಟವರು, ಮನೆ ಬಾಡಿಗೆಗೆ ಕೊಟ್ಟವರು ಅವನ ಮೇಲ್ವಿಚಾರಕರಾಗಕೂಡದು. ಇವರು ಬೇಡ, ಬೇರೆಯವರನ್ನು ಕೊಡಿ ಎಂದು ಕಾರಣ ಹೇಳದೆಯೇ ಕೇಳುವ ಹಕ್ಕು ಅವನಿಗಿರಬೇಕು. ಕೇರಿಯ ಹುಡುಗನಿಗೆ ಕೇರಿಯದೇ ಸ್ವಸಹಾಯ ಸಂಘದ ಹೆಣ್ಣುಮಗಳು ಸಿಗುವಂತಿರಬೇಕು. ವರದಿ ಹೋಗಬೇಕಾದದ್ದು ಪ್ರೊಬೇಷನ್ ಅಧಿಕಾರಿಗೆ, ಠಾಣೆಗಲ್ಲ.

ಜನ ಎಲ್ಲಿಂದ ಬರುತ್ತಾರೆ ಎಂದರೆ, ಒಂದು ಪಟ್ಟಿ ಆಗಲೇ ಇದೆ. ಕಾನೂನು ಸೇವಾ ಪ್ರಾಧಿಕಾರಗಳು 2009ರಿಂದ ಅರೆಕಾನೂನು ಸ್ವಯಂಸೇವಕರನ್ನು ಗುರುತಿಸಿ ತರಬೇತಿ ಕೊಡುತ್ತ ಬಂದಿವೆ. ಮೇಷ್ಟ್ರುಗಳು, ಅಂಗನವಾಡಿಯವರು, ಕಾನೂನು ವಿದ್ಯಾರ್ಥಿಗಳು ಅದರಲ್ಲಿದ್ದಾರೆ. ಅವರಲ್ಲಿ ಮನಸ್ಸಿದ್ದವರಿಂದ ಶುರು ಮಾಡಬಹುದು. ಮೊದಲು ಕೊಡಬೇಕಾದದ್ದು 21 ದಾಟದ ಹುಡುಗರ ಪ್ರಕರಣಗಳನ್ನು, ಮೊಬೈಲು ಕದ್ದದ್ದು, ಜಾತ್ರೆಯಲ್ಲಿ ಹೊಡೆದಾಡಿದ್ದು ಇಂಥವನ್ನು. ಅಂಥವರನ್ನು ಜೈಲಿಗೆ ಕಳಿಸುವ ಮುನ್ನ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು, ಕಳಿಸಲೇಬೇಕೆಂದಿದ್ದರೆ ಕಾರಣ ಬರೆದಿಡಬೇಕು ಎಂದು 6ನೇ ಕಲಮು ನ್ಯಾಯಾಧೀಶರಿಗೆ ಹೇಗೂ ಹೇಳಿದೆ. ಆ ವರದಿಯ ಕೊನೆಯಲ್ಲಿ, ಈ ಹುಡುಗನ ಜೊತೆ ನಿಲ್ಲಲು ಇಂಥವರು ಒಪ್ಪಿದ್ದಾರೆ ಎಂದು ಒಂದು ಹೆಸರೂ ಇದ್ದರೆ ನ್ಯಾಯಾಧೀಶರು ಕಾರಣ ಬರೆಯುವ ಮೊದಲು ಇನ್ನೊಮ್ಮೆ ಯೋಚಿಸಿಯಾರು.