ಶಾಲೆಯ ಸಮಿತಿ ಮಾಸ್ತರರದೊ, ಪಾಲಕರದೊ?

ಗೊಟಗೋಡಿಯಲ್ಲಿ ಹೆದ್ದಾರಿಯ ಮಗ್ಗುಲಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. 2011ರಲ್ಲಿ ಸ್ಥಾಪನೆಯಾದ ಅದಕ್ಕೆ ಕುಲಪತಿ ಯಾರಾಗುವರೆಂಬುದು ಪತ್ರಿಕೆಗಳಿಗೆಲ್ಲ ಸುದ್ದಿ. ಆದರೆ ಇಂಥ ಊರುಗಳ ಪ್ರಾಥಮಿಕ ಶಾಲೆಯ ಸಮಿತಿಯನ್ನು ಯಾರು, ಎಂದು, ಹೇಗೆ ಆರಿಸಿದರೆಂದು ಕೇಳಿ ನೋಡಿರಿ. ಅದೇ ಶಾಲೆಗೆ ಮಕ್ಕಳನ್ನು ಕಳಿಸುವ ಗಿರಣಿ ಕಾರ್ಮಿಕನೂ ಕಿರಾಣಿ ಅಂಗಡಿಯವನೂ ಮುಖ ಮುಖ ನೋಡುತ್ತಾರೆ. ಯಾವುದೋ ಒಂದು ಊರಿನ ಮೇಲೆ ನಾವು ಈ ದೂರು ಹೊರಿಸುತ್ತಿಲ್ಲ. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು ತಾಲೂಕುಗಳ ನಮ್ಮ ಓದುಗರು ತಮ್ಮ ತಮ್ಮ ಊರಿನಲ್ಲಿ ವಿಚಾರಿಸಿಕೊಳ್ಳಲಿ.

ಈ ರೋಗ ಹಳೆಯದು. ಈ ಭಾಗದ ಹೆಚ್ಚಿನ ಊರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1923ರ ಪ್ರಾಥಮಿಕ ಶಿಕ್ಷಣ ಕಾಯಿದೆಯು ಶಾಲೆಗಳನ್ನು ಲೋಕಲ್ ಬೋರ್ಡು, ಮುನಸಿಪಾಲಿಟಿಗಳ ಕೈಗೆ ಒಪ್ಪಿಸಿತು. ಅವು ಸ್ಕೂಲ್ ಬೋರ್ಡನ್ನು ಚುನಾಯಿಸುತ್ತಿದ್ದವು. ಮಾಸ್ತರರ ನೇಮಕ, ವರ್ಗಾವಣೆಗಳೆಲ್ಲ ಬೋರ್ಡಿನ ಕೈಯಲ್ಲಿ. ವರ್ಗದ ಹುಕುಮು ಯಾರ ಕೈಯಲ್ಲಿದೆಯೋ ಅವನ ಚುನಾವಣೆಯಲ್ಲಿ ಮಾಸ್ತರ ಸುಮ್ಮನೆ ಕೂಡ್ರುವದು ಹೇಗೆ ಸಾಧ್ಯ? ಪುಢಾರಿಗೆ ಮಾಸ್ತರ ಬೇಕು, ಮಾಸ್ತರನಿಗೆ ಪುಢಾರಿ ಬೇಕು. ನಡುವೆ ಪಾಲಕನನ್ನು ಕೇಳುವವರಿಲ್ಲ. 1938ರ ತಿದ್ದುಪಡಿಯೂ 1947ರ ಹೊಸ ಕಾಯಿದೆಯೂ ಬೋರ್ಡಿನ ಅಧಿಕಾರ ಕುಗ್ಗಿಸಿ ಸರಕಾರದ ಕೈ ಬಲಪಡಿಸಿದವು. ಆಗಲೂ ಪಾಲಕನಿಗೆ ಸಿಕ್ಕದ್ದೇನೂ ಇಲ್ಲ.

ಸಿಕ್ಕದ್ದು ಬಹಳ ತಡವಾಗಿ. 2001ರ ಏಪ್ರಿಲ್ 28ರ ಸರಕಾರಿ ಆದೇಶದಿಂದ ಕರ್ನಾಟಕದ ಶಾಲೆಗಳಿಗೆ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಜನರ ಬಾಯಲ್ಲಿ ಅದು ಎಸ್‌ಡಿಎಂಸಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಇನ್ನೂ ಸ್ಪಷ್ಟ ಮಾತು ಆಡಿದೆ: ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರತಕ್ಕದ್ದು, ಅರ್ಧದಷ್ಟು ಹೆಂಗಸರು ಇರತಕ್ಕದ್ದು, ಹಿಂದುಳಿದವರ ಮಕ್ಕಳ ಪಾಲಕರಿಗೆ ಅವರ ಪ್ರಮಾಣದ ಸ್ಥಾನ ಸಿಗತಕ್ಕದ್ದು. ಶಾಲೆ ಸರಿಯಾಗಿ ನಡೆದಿದೆಯೋ, ಅನುದಾನ ಎಲ್ಲಿ ಖರ್ಚಾಯಿತು ಎಂದು ನೋಡುವದು ಅದರ ಕೆಲಸ.

ಇಲ್ಲಿಯೇ ಗಂಟು ಇರುವದು. ಈ ಸಮಿತಿ ಮಾಸ್ತರರನ್ನು ನೇಮಿಸುವದಿಲ್ಲ, ವರ್ಗ ಮಾಡುವದಿಲ್ಲ. ವರ್ಗಾವಣೆಗೆ 2007ರಿಂದ ಬೇರೆ ಕಾಯಿದೆಯೇ ಇದೆ. ಹಾಗಾದರೆ ಅದರ ಚುನಾವಣೆಯಲ್ಲಿ ಮಾಸ್ತರರಿಗೇಕೆ ಇಷ್ಟು ಆಸಕ್ತಿ? ಏಕೆಂದರೆ ಬ್ಯಾಂಕಿನ ಖಾತೆಗೆ ಅಧ್ಯಕ್ಷನ ಸಹಿಯೂ ಬೇಕು, ಮುಖ್ಯ ಶಿಕ್ಷಕನ ಸಹಿಯೂ ಬೇಕು. ಕೇಳಿದಲ್ಲಿ ಸಹಿ ಹಾಕುವ ಅಧ್ಯಕ್ಷ ಸಿಕ್ಕರೆ ಮೂರು ವರ್ಷ ನೆಮ್ಮದಿ. ಬಿಸಿಯೂಟದ ಅಕ್ಕಿಯ ಲೆಕ್ಕ ಕೇಳುವವನು ಸಿಕ್ಕರೆ ನಿದ್ದೆಯಿಲ್ಲ. ಸಮಿತಿಯ ಕಾರ್ಯದರ್ಶಿ ಮುಖ್ಯ ಶಿಕ್ಷಕನೇ. ಸಭೆಯ ದಿನ ಗೊತ್ತು ಮಾಡುವವನೂ ಅವನೇ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಪಾಳಿಯಲ್ಲಿರುವ ಕಾರ್ಮಿಕ ಬರಲಾರ, ಅಂಗಡಿಕಾರ ಬಾಗಿಲು ಹಾಕಲಾರ, ಕೂಲಿಗೆ ಹೋದ ತಾಯಿ ಬರಲಾರಳು. ಬಂದ ಹತ್ತು ಜನ ಚಪ್ಪಾಳೆ ತಟ್ಟಿದರೆ 'ಅವಿರೋಧ ಆಯ್ಕೆ'. ಲೆಕ್ಕ ಒಪ್ಪಿಸಬೇಕಾದವನೇ ಲೆಕ್ಕ ಕೇಳುವವನನ್ನು ಆರಿಸಿಕೊಂಡನೆಂದು ಇದರ ಅರ್ಥ.

ನಾವು ಶಿಕ್ಷಕರ ಸಂಘದ ವೈರಿಗಳಲ್ಲ. 2006ರ ಏಪ್ರಿಲ್ 1ರ ನಂತರ ನೌಕರಿಗೆ ಸೇರಿದವರಿಂದ ಹಳೆಯ ಪಿಂಚಣಿ ಕಸಿದುಕೊಂಡದ್ದು ಅನ್ಯಾಯವೆಂದೇ ನಮ್ಮ ಮತ. ಗಿರಣಿಯಲ್ಲಿ ಯುನಿಯನ್ ಕಟ್ಟುವ ಹಕ್ಕು ಕೇಳುವ ನಾವು ಶಾಲೆಯಲ್ಲಿ ಅದನ್ನು ಬೇಡವೆಂದೇವೆಯೇ? ಶಾಲೆ ಸೋರಿದರೆ, ಐದು ತರಗತಿಗೆ ಇಬ್ಬರೇ ಮಾಸ್ತರರಿದ್ದರೆ, ಅದು ಸರಕಾರದ ತಪ್ಪು, ಮಾಸ್ತರನ ತಪ್ಪಲ್ಲ. ಆದರೆ ಸಂಘದ ಬಲ ಪಗಾರ ಪಿಂಚಣಿಗೆ ಮೀಸಲಿರಬೇಕು. ಸಂಘಟಿತ ಶಿಕ್ಷಕರಿಗೆ ತಮ್ಮದೇ ಮತಕ್ಷೇತ್ರಗಳೂ ಇವೆಯಲ್ಲ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರವು. ನಮ್ಮ ಪಶ್ಚಿಮ ಕ್ಷೇತ್ರದಿಂದ ಬಸವರಾಜ ಹೊರಟ್ಟಿಯವರು 1980ರಿಂದ 2022ರ ವರೆಗೆ ಎಂಟು ಸಲ ಆರಿಸಿ ಬಂದರು. ಅಲ್ಲಿ ಮತ ಹಾಕುವವರು ಹೈಸ್ಕೂಲು ಮತ್ತು ಅದಕ್ಕೂ ಮೇಲಿನವರು. ಪ್ರಾಥಮಿಕ ಶಾಲೆಯ ಮಾಸ್ತರನಿಗೆ ಆ ಮತವಿಲ್ಲ. ಇದು ಅನ್ಯಾಯವೇ. ಆದರೆ ಅದನ್ನು ಪಾಲಕರ ಸಮಿತಿಯಲ್ಲಿ ತೀರಿಸಿಕೊಳ್ಳಬಾರದು. ಅಲ್ಲಿ ಪಾಲಕನಿಗಿರುವದು ಅದೊಂದೇ ಮತ.

ಅದಕ್ಕಾಗಿ ಸಂಘದ ತಾಲೂಕು ಶಾಖೆಗಳನ್ನು ನಾವು ನೇರವಾಗಿ ಕೇಳುತ್ತೇವೆ: ಪಾಲಕರ ಆಯ್ಕೆಯಲ್ಲಿ ಕೈ ಹಾಕುವದಿಲ್ಲವೆಂದು ನಿಮ್ಮ ಸಭೆಯಲ್ಲಿ ಠರಾವು ಮಾಡುವಿರಾ? ಪಾಲಕರನ್ನೂ ಬಿಡುವಂತಿಲ್ಲ. ನೋಟೀಸು ಬಂದಾಗ 'ನಮಗೇನು ತಿಳಿಯುತ್ತದೆ, ಮಾಸ್ತರೇ ನೋಡಿಕೊಳ್ಳಲಿ' ಎಂದು ಕೈಬಿಟ್ಟವರು ನಾವೇ. ಸಭೆ ರವಿವಾರ ಇಲ್ಲವೆ ಸಂಜೆ ಪಾಳಿ ಬಿಟ್ಟ ಮೇಲೆ ಆಗಲಿ. ಪಾಲಕರ ಯಾದಿಯನ್ನು ಹದಿನೈದು ದಿನ ಮೊದಲೇ ಶಾಲೆಯ ಗೋಡೆಗೆ ಹಚ್ಚಲಿ. ಒಬ್ಬರಿಗಿಂತ ಹೆಚ್ಚು ಜನ ನಿಂತರೆ ಚಪ್ಪಾಳೆಯ ಬದಲು ಚೀಟಿ ಹಾಕಿಸಲಿ. ಈ ಮೂರು ಮಾತು ಬರೆದು, ಓಣಿಯ ಪಾಲಕರೆಲ್ಲರ ಸಹಿ ಹಾಕಿಸಿ, ಮುಂದಿನ ಆಯ್ಕೆಗೆ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಮುಟ್ಟಿಸಿರಿ. ಪೋಚು ಪಡೆಯುವದನ್ನು ಮರೆಯಬೇಡಿರಿ.