ಸುಣ್ಣ ಬೇಡದ ಮಣ್ಣಿಗೆ ಸುಣ್ಣ



ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ಶಹಾಬಾದ್ ಪರಸಿಯ ಚೂರಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟು ನೊರೆ ಎಬ್ಬಿಸುವುದು ನನಗೆ ಪ್ರಿಯವಾದ ಪ್ರಯೋಗವಾಗಿತ್ತು. ಕಲಬುರಗಿಯ ಮನೆಮನೆಯ ನೆಲಹಾಸು ಸುಣ್ಣದ ಕಲ್ಲೇ ಎಂದು ತಿಳಿದಾಗ ಮಕ್ಕಳ ಕಣ್ಣು ಅರಳುತ್ತಿದ್ದವು. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳು ಸುಣ್ಣದ ಕಲ್ಲನ್ನು ಜೇಡಿಯೊಂದಿಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಸಿಮೆಂಟು ಮಾಡುವುದನ್ನೂ, ಸಕ್ಕರೆ ಕಾರ್ಖಾನೆಗಳಲ್ಲಿ ಸುಣ್ಣವು ಕಬ್ಬಿನ ರಸವನ್ನು ತಿಳಿಗೊಳಿಸುವುದನ್ನೂ ವಿವರಿಸಿ, ಕೊನೆಗೆ ‘ಹೊಲಕ್ಕೆ ಸುಣ್ಣ ಹಾಕಿದರೆ ಮಣ್ಣು ಸುಧಾರಿಸುತ್ತದೆ’ ಎಂದು ಬರೆಸುತ್ತಿದ್ದೆ. ಆ ಕೊನೆಯ ವಾಕ್ಯಕ್ಕಾಗಿಯೇ ಈ ಬರಹ.

ಕೆಲವು ವರ್ಷಗಳ ಹಿಂದೆ ಕಮಲಾಪುರದ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ತನ್ನ ತೋಟಕ್ಕೆ ಕರೆದೊಯ್ದ. ಆ ಊರಿನ ಕೆಂಪು ಬಾಳೆಯನ್ನು ತಿಳಿಯದವರು ನಮ್ಮಲ್ಲಿಲ್ಲ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೆ ಅವನ ಬಾಳೆಯ ಎಳೆಯ ಎಲೆಗಳು ಹಳದಿಗಟ್ಟಿದ್ದವು, ನರಗಳಷ್ಟೇ ಹಸಿರಾಗಿದ್ದವು.

“ಸರ್, ಸುಣ್ಣ ಹಾಕಿದ್ರ ಮಣ್ಣು ಸುಧಾರಸ್ತದ ಅಂತ ನೀವೇ ಬರೆಸಿದ್ರಲ್ರೀ” ಎಂದ. ಮಾತಿನಲ್ಲಿ ದೂರಿರಲಿಲ್ಲ. ಅದರಿಂದಲೇ ನಾನು ಹೆಚ್ಚು ನೊಂದೆ.

ಸುಣ್ಣ ಬೀಳದ ಪಕ್ಕದ ಹೊಲದಿಂದ ಒಂದು ಹಿಡಿ ಎರೆಮಣ್ಣು ತಂದು ಆಮ್ಲ ಹನಿಸಿದೆ. ಪರಸಿಯಂತೆಯೇ ನೊರೆಯೆದ್ದಿತು! ಸುಣ್ಣ ಅಲ್ಲಿ ಮೊದಲೇ ಇತ್ತು. ಇಷ್ಟು ವರ್ಷ ಕಲ್ಲಿನ ಮೇಲೆ ಮಾಡಿದ ಪ್ರಯೋಗವನ್ನು ಒಮ್ಮೆಯೂ ಮಣ್ಣಿನ ಮೇಲೆ ಮಾಡಿರಲಿಲ್ಲವಲ್ಲ, ಎಂತಹ ಗುರು ನಾನು!

ಸುಣ್ಣ ಬೇಕಾಗುವುದು ಆಮ್ಲೀಯ ಮಣ್ಣಿಗೆ. ಧಾರಾಕಾರ ಮಳೆಯಲ್ಲಿ ಕ್ಯಾಲ್ಸಿಯಂ ತೊಳೆದುಹೋಗುವ ಮಲೆನಾಡು, ಕರಾವಳಿ, ಕೊಡಗಿನ ಕಾಫಿ ತೋಟಗಳಿಗೆ ಅದು ಔಷಧ. ಮಳೆ ಕಡಿಮೆಯಿರುವ ನಮ್ಮ ಕಡೆಯ ಎರೆಭೂಮಿಯಲ್ಲಿ ಸುಣ್ಣದ ಹರಳುಗಳೇ ಸಿಗುತ್ತವೆ; ರಸಸಾರ ಅನೇಕ ಕಡೆ 8ನ್ನು ದಾಟುತ್ತದೆ. ಅಂತಹ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕದು. ಎಳೆಯ ಎಲೆಗಳು ಹಳದಿಯಾಗುವುದು ಆ ಕೊರತೆಯಿಂದ. ಮೇಲೆ ಸುರಿದ ಸುಣ್ಣ ಅದನ್ನು ಹೆಚ್ಚಿಸುತ್ತದೆ.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರು. ಪಾಠ ಒಂದೇ ಆದರೂ ಮಡಿಕೇರಿಗೆ ಸರಿಯಾದ ವಾಕ್ಯ ಕಮಲಾಪುರಕ್ಕೆ ಸುಳ್ಳಾಗಬಹುದು. ಮಕ್ಕಳಿಗೆ ತಮ್ಮ ಹೊಲದ ಮಣ್ಣನ್ನೇ ತರಹೇಳಿ, ಆಮ್ಲವನ್ನು ಮಾತ್ರ ನೀವೇ ಹನಿಸಿ. ನೊರೆ ಬಂದರೆ ಸುಣ್ಣದ ಮಾತೇ ಬೇಡ. ಬರದಿದ್ದರೂ ಅವಸರಿಸದೆ ಮಣ್ಣು ಪರೀಕ್ಷೆ ಮಾಡಿಸಲಿ. 2015ರಲ್ಲಿ ಆರಂಭವಾದ ಯೋಜನೆಯ ಮಣ್ಣು ಆರೋಗ್ಯ ಚೀಟಿ ಎಷ್ಟೋ ಮನೆಗಳ ಟ್ರಂಕಿನಲ್ಲಿ ಮಡಚಿಕೊಂಡೇ ಇದೆ. ಅದನ್ನು ಮಕ್ಕಳಿಂದ ಓದಿಸುವುದು ಯಾವ ಗೃಹಪಾಠಕ್ಕೂ ಕಡಿಮೆಯಲ್ಲ.

ಆ ಶಿಷ್ಯ ಸುಣ್ಣ ನಿಲ್ಲಿಸಿ, ಕೊಟ್ಟಿಗೆ ಗೊಬ್ಬರ ಹಾಕಿ, ಎಲೆಗಳಿಗೆ ಫೆರಸ್ ಸಲ್ಫೇಟ್ ದ್ರಾವಣ ಸಿಂಪಡಿಸಿದ. ಕಳೆದ ದೀಪಾವಳಿಗೆ ಒಂದು ಡಜನ್ ಕೆಂಪು ಬಾಳೆಹಣ್ಣು ಕೊಟ್ಟು ಕಳುಹಿಸಿದ್ದ.