ಗಣಕವನ್ನು ಎಬ್ಬಿಸುವ ಪೆನ್‌ಡ್ರೈವ್

ಕಿರುಗಾವಲಿನ ಸುತ್ತಮುತ್ತ ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆಲ್ಲ ಒಂದು ಸಂಗತಿ ಗೊತ್ತು. ಪಂಪಿನೊಳಗೆ ಗಾಳಿ ತುಂಬಿಕೊಂಡಿದ್ದರೆ ಮೋಟರು ಎಷ್ಟು ತಿರುಗಿದರೂ ನೀರು ಮೇಲೇರದು. ಮೊದಲು ಒಂದೆರಡು ಕೊಡ ನೀರನ್ನು ನಾವೇ ಸುರಿಯಬೇಕು. ನೀರೆತ್ತಲು ನೀರೇ ಬೇಕು! ಗಣಕಯಂತ್ರದ ಕಥೆಯೂ ಇದೇ. ವಿದ್ಯುತ್ ನಿಂತೊಡನೆ ಅದರ ಕೆಲಸದ ನೆನಪು (ರ್‍ಯಾಮ್) ಖಾಲಿಯಾಗುತ್ತದೆ. ಮತ್ತೆ ಗುಂಡಿ ಒತ್ತಿದಾಗ, ತಂತ್ರಾಂಶವನ್ನು ಆ ನೆನಪಿಗೆ ತುಂಬಲು ಇನ್ನೊಂದು ತಂತ್ರಾಂಶ ಬೇಕಾಗುತ್ತದೆ.

ಆ ಮೊದಲ ಕೊಡ ನೀರು ಮದರ್‌ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್‌ನಲ್ಲಿದೆ. 1981ರ ಐಬಿಎಂ ಪಿಸಿಯ ಕಾಲದಿಂದ ಅದರ ಹೆಸರು ‘ಬಯೋಸ್’. ಈಗಿನ ಯಂತ್ರಗಳಲ್ಲಿರುವುದು ‘ಯುಇಎಫ್‌ಐ’. ಅದು ನೆನಪು, ಕೀಲಿಮಣೆ, ಪರದೆ ಸರಿಯಿವೆಯೇ ಎಂದು ನೋಡಿ, ಬಳಿಕ ಕಾರ್ಯಾಚರಣಾ ವ್ಯವಸ್ಥೆ ಎಲ್ಲಿದೆ ಎಂದು ಹುಡುಕುತ್ತದೆ. ಸಾಮಾನ್ಯವಾಗಿ ಹುಡುಕುವುದು ಹಾರ್ಡ್‌ಡಿಸ್ಕ್‌ನಲ್ಲಿ. ನಾವು ಹೇಳಿದರೆ ಯುಎಸ್‌ಬಿ ಪೆನ್‌ಡ್ರೈವ್‌ನಲ್ಲೂ ಹುಡುಕುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಎಡವುವುದುಂಟು. ‘ಐಎಸ್‌ಒ’ ಕಡತವನ್ನು ಸಿನಿಮಾ ಹಾಡಿನಂತೆ ಪೆನ್‌ಡ್ರೈವ್‌ಗೆ ನಕಲು ಮಾಡಿ, ‘ಗಣಕ ಏಳಲೇ ಇಲ್ಲ’ ಎನ್ನುತ್ತಾರೆ. ಬಯೋಸ್ ನೋಡುವುದು ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು. ಅದರ ಕೊನೆಯ ಎರಡು ಬೈಟ್‌ಗಳಲ್ಲಿ ನಿಗದಿತ ಗುರುತು ಇರಬೇಕು. ಯುಇಎಫ್‌ಐ ಆದರೆ ಗೊತ್ತಾದ ಜಾಗದಲ್ಲಿ ಗೊತ್ತಾದ ಹೆಸರಿನ ಕಡತವನ್ನು ಹುಡುಕುತ್ತದೆ. ‘ರೂಫಸ್’ನಂಥ ಉಚಿತ ತಂತ್ರಾಂಶ ಈ ವ್ಯವಸ್ಥೆಯನ್ನೆಲ್ಲ ಮಾಡಿಕೊಡುತ್ತದೆ.

ಈಗೇಕೆ ಈ ಮಾತು? 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ‘ಟಿಪಿಎಂ 2.0’ ಎಂಬ ಭದ್ರತಾ ಸೌಲಭ್ಯವೂ ಸಾಕಷ್ಟು ಹೊಸ ಪ್ರೊಸೆಸರೂ ಬೇಕು. ಹೀಗಾಗಿ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ‘ಹಳತು’ ಎನಿಸಿಕೊಂಡವು. ಮಗನ ಓದಿಗೆಂದು ಸಾಲ ಮಾಡಿ ತಂದ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಪೋಷಕರು ಉಬುಂಟು ಅಥವಾ ಲಿನಕ್ಸ್ ಮಿಂಟ್ ಪ್ರಯತ್ನಿಸಬಹುದು. ಎರಡೂ ಉಚಿತ.

ಮಾಡುವ ಕ್ರಮ ಹೀಗಿದೆ:

1. ಹಾರ್ಡ್‌ಡಿಸ್ಕ್‌ನಲ್ಲಿರುವ ಫೋಟೋ, ಅಂಕಪಟ್ಟಿ, ನೋಟ್ಸುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ.

2. ವ್ಯವಸ್ಥೆಯ ಅಧಿಕೃತ ತಾಣದಿಂದಲೇ ಐಎಸ್‌ಒ ಇಳಿಸಿಕೊಳ್ಳಿ. 8 ಜಿಬಿ ಪೆನ್‌ಡ್ರೈವ್ ಸಾಕು. ರೂಫಸ್ ಬರೆಯುವಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

3. ಪೆನ್‌ಡ್ರೈವ್ ಸಿಕ್ಕಿಸಿ ಗಣಕವನ್ನು ಚಾಲೂ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪಟ್ಟಿಯಲ್ಲಿ ಯುಎಸ್‌ಬಿಯನ್ನು ಆರಿಸಿ.

4. ಮೊದಲು ‘ಪ್ರಯತ್ನಿಸಿ ನೋಡುವ’ ಆಯ್ಕೆ ಬಳಸಿ. ಆಗ ವ್ಯವಸ್ಥೆ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ನೀವಾಗಿ ಹಾರ್ಡ್‌ಡಿಸ್ಕ್ ತೆರೆದು ಬದಲಾಯಿಸದಿದ್ದರೆ ಅದು ಇದ್ದಂತೆಯೇ ಇರುತ್ತದೆ. ವೈಫೈ, ಧ್ವನಿ, ಕನ್ನಡ ಅಕ್ಷರ ಎಲ್ಲ ಸರಿಯಿದ್ದರೆ ಮಾತ್ರ ಮುಂದುವರಿಯಿರಿ.

5. ಸ್ಥಾಪಿಸುವಾಗ ‘ಡಿಸ್ಕನ್ನು ಪೂರ್ತಿ ಅಳಿಸು’ ಎಂಬ ಆಯ್ಕೆ ಬರುತ್ತದೆ. ಒಪ್ಪಿಗೆ ಕೊಟ್ಟರೆ ಹಳೆಯದೆಲ್ಲ ಹೋದಂತೆಯೇ. ಎರಡು ಬಾರಿ ಓದಿ ಒತ್ತಿ.

ವಿಂಡೋಸ್‌ಗೆಂದೇ ಬರೆದ ಕೆಲವು ತಂತ್ರಾಂಶಗಳು ಇಲ್ಲಿ ನೇರವಾಗಿ ಓಡುವುದಿಲ್ಲ. ಕಾಲೇಜಿನ ಪಠ್ಯಕ್ಕೆ ಅಂಥದ್ದೇ ಬೇಕಿದ್ದರೆ ಉಪನ್ಯಾಸಕರನ್ನು ಮೊದಲೇ ಕೇಳಿಕೊಳ್ಳಿ. ಪತ್ರ, ಲೆಕ್ಕ, ಪ್ರಬಂಧಗಳಿಗೆ ಲಿಬ್ರೆ ಆಫೀಸ್ ಧಾರಾಳವಾಗಿ ಸಾಕು.

ಇದು ಪರಿಣತರಿಗೆ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ಬಳಕೆಯಲ್ಲಿದೆ. ಅಲ್ಲಿನ ‘ಕೈಟ್’ ಸಂಸ್ಥೆ ಉಬುಂಟುವನ್ನು ಶಾಲೆಗಳಿಗೆ ಹೊಂದುವಂತೆ ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕ ಕಲಿಯುವುದೂ ಅದರಲ್ಲೇ. ಆ ಮಕ್ಕಳಿಗೆ ಸಾಧ್ಯವಾದದ್ದು ಮಳವಳ್ಳಿ, ಮದ್ದೂರಿನ ಮಕ್ಕಳಿಗೆ ಏಕೆ ಸಾಧ್ಯವಾಗದು?

ಮಕ್ಕಳು ಈ ಪ್ರಯೋಗಕ್ಕೆ ಕೂತಾಗ ಹಿರಿಯರೂ ಜೊತೆಗೆ ಕೂರುವುದು ಒಳ್ಳೆಯದು. ಐದನೆಯ ಹೆಜ್ಜೆಯ ಎಚ್ಚರಿಕೆಯನ್ನು ಎರಡನೆಯ ಬಾರಿ ಓದಲು ಇನ್ನೊಬ್ಬರು ಬೇಕು.